ತಾಲೀಮಿನ ಅಕ್ಕೋರು

ಅಕ್ಕೋರು ಯಾರ ಮಾತು ಕೇಳುವಾಗಲೂ ಅವರ ಮುಖ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಗದ್ದ ಸ್ವಲ್ಪ ಮೇಲೆತ್ತಿ, ಬಲಗಿವಿಯನ್ನು ಮಾತಾಡುವವರ ಕಡೆ ತಿರುಗಿಸಿ ಕೂರುತ್ತಿದ್ದರು. ಆ ಕಿವಿಯಲ್ಲಿ ಕೆಂಪು ಹರಳಿನ ಝುಮಕಿ. ನಾವು ಮಾತಾಡುವಷ್ಟು ಹೊತ್ತೂ ಅದು ಸಣ್ಣಗೆ ತೂಗುತ್ತಿತ್ತು, ಅಕ್ಕೋರು ಒಳಗೊಳಗೇ ತಲೆಯಾಡಿಸುತ್ತಿದ್ದರಲ್ಲ, ಅದಕ್ಕೆ. ಝುಮಕಿ ನಿಂತಿತೋ, ನಮ್ಮ ದನಿಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ಲೆಕ್ಕ. ಕಣ್ಣಲ್ಲಿ ಕಣ್ಣಿಟ್ಟು ಬೈಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಯಾರಿಗೂ ಹೆದರಿದವಳಲ್ಲ. ಆ ನಿಂತ ಝುಮಕಿಗೆ ಮಾತ್ರ ಹೆದರುತ್ತಿದ್ದೆ.

ಅವರು ಕುಷ್ಟಗಿ, ಯಲಬುರ್ಗಾ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎಂದೇ ಹೆಸರು. ಕೊಪ್ಪಳದಲ್ಲಿ ಕೋಟೆಯ ಕೆಳಗಿನ ಓಣಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ತುಂಬಿದ ಮನೆಯಲ್ಲಿ ಇದ್ದರು. ಪೆನ್ಶನ್ ತೆಗೆದುಕೊಂಡು ಆರಾಮಾಗಿ ಕೂರಬಹುದಿತ್ತು. ಆದರೆ ಅವರು ಅದೇ ಹೊತ್ತಿಗೆ ಹೊಸ ಕೆಲಸ ಹಚ್ಚಿಕೊಂಡರು. ದನಿ ಕಲಿಸುವವರು, ಮಾತು ಕಲಿಸುವವರು ಈ ನಾಲ್ಕು ತಾಲೂಕುಗಳಲ್ಲಿ ಎಲ್ಲೆಲ್ಲಿ ಇದ್ದಾರೋ ಹುಡುಕಿ ಹುಡುಕಿ ಒಂದು ಕಡೆ ಕೂರಿಸಿ ಅವರಿಗೆ ಕಲಿಸಿದರು, ಅವರಿಂದ ತಾವೂ ಕಲಿತರು. ಇಂಥ ಅಕ್ಕೋರಿಗೆ ಹೋದ ವರ್ಷ ಲಕ್ವ ಹೊಡೆದು ಮಾತೇ ನಿಂತುಹೋಯಿತು. ಅದನ್ನು ತಿರುಗಿ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ಮಾತಿನ ಚಿಕಿತ್ಸೆ ನನ್ನ ಕಸುಬು. ಆ ಕಸುಬನ್ನು ಬಿಟ್ಟು ಓಡದಂತೆ ನನ್ನನ್ನು ಹಿಡಿದು ನಿಲ್ಲಿಸಿದವರು ಅಕ್ಕೋರೇ ಆದ್ದರಿಂದ, ನನ್ನ ಮಟ್ಟಿಗೆ ಇದು ಬರೀ ಚಿಕಿತ್ಸೆಯಾಗಿರಲಿಲ್ಲ.

ನಾನು ಗಂಗಾವತಿಯವಳು. ಅಪ್ಪ ರೈಸ್‌ಮಿಲ್ಲಿನಲ್ಲಿ ಗುಮಾಸ್ತರು. ಮೈಸೂರಿನಲ್ಲಿ ಓದು ಮುಗಿಸಿ ಬಂದು ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕೂತೆ. ತೊದಲುವವರು, ಕಿವಿ ಮಂದವಾದ ಮಕ್ಕಳು, ತರಗತಿಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಮಾಸ್ತರರು, ಎಲ್ಲರೂ ನನ್ನನ್ನು ‘ಮಾತಿನ ಡಾಕ್ಟರವ್ವ’ ಎಂದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಬೇಸತ್ತು ಬಿಟ್ಟುಬಿಟ್ಟೆ. ಮೈಸೂರಿನಲ್ಲಾದರೆ ಸಂಶಯ ಬಂದಾಗ ಕಾರಿಡಾರಿನಲ್ಲಿ ನಡೆದು ಹೋಗಿ ಹಿರಿಯರನ್ನು ಕೇಳಬಹುದಿತ್ತು. ಇಲ್ಲಿ ಕಾರಿಡಾರಿನ ಕೊನೆಗೆ ಎಕ್ಸ್‌ರೇ ಕೋಣೆ, ಅದರಾಚೆ ಸಂಡಾಸು. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಹೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹುಡುಕತೊಡಗಿದ್ದೆ.

ಆಗಲೇ ಒಂದು ದಿನ ಅಕ್ಕೋರು ಒಬ್ಬ ಬಸ್ ಕಂಡಕ್ಟರನ ತೋಳು ಹಿಡಿದುಕೊಂಡು ನನ್ನ ಕೋಣೆಗೆ ನುಗ್ಗಿದರು. ಖಾಕಿ ಅಂಗಿ, ಹೆಗಲಿಗೆ ಟಿಕೆಟ್ ಮಶೀನು, ಮುಖದಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹೆದರಿಕೆ. ಆತ ತೊದಲುತ್ತಿದ್ದ. ಕೆಲವು ಊರಿನ ಹೆಸರು ಬಾಯಿಂದ ಹೊರಡುತ್ತಲೇ ಇರಲಿಲ್ಲವಾದ್ದರಿಂದ ಆ ಊರು ಬಂದಾಗ ಸೀಟಿ ಮಾತ್ರ ಊದಿ ಸುಮ್ಮನಾಗುತ್ತಿದ್ದ. ನಿದ್ದೆಗೆ ಜಾರಿದ ಪ್ರಯಾಣಿಕರು ತಮ್ಮ ಊರು ದಾಟಿ ಹೋಗಿ, ಎದ್ದಮೇಲೆ ಅವನನ್ನು ಬೈಯುತ್ತಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಅಕ್ಕೋರು ಊರೂರು ತಿರುಗುವುದು ಇನ್ನೂ ಜಾಸ್ತಿಯಾಗಿತ್ತು. ಅದೇ ಬಸ್ಸಿನಲ್ಲಿ ಬರುತ್ತ ಇದನ್ನೆಲ್ಲ ಕೇಳಿಸಿಕೊಂಡು, ಅವನ ಡ್ಯೂಟಿ ಮುಗಿಯುವ ತನಕ ಬಸ್‌ಸ್ಟ್ಯಾಂಡಿನಲ್ಲಿ ಕಾದು, ಎಳೆದುಕೊಂಡು ಬಂದಿದ್ದರು. ನಾನು ಅವನ ಜೊತೆ ಕೆಲಸ ಮಾಡುವಷ್ಟು ಹೊತ್ತೂ ಮೂಲೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹತ್ತಿದೆ ಎಂದುಕೊಂಡೆ.

ಕಂಡಕ್ಟರ ಹೋದಮೇಲೆ ಕಣ್ಣು ತೆರೆದು ಕೇಳಿದರು, "ನಿನಗ ಯಾರದಾರವಾ?"

"ಅಪ್ಪ, ಅವ್ವ, ತಮ್ಮ ಅದಾರ್ರಿ. ಗಂಗಾವತಿಯಾಗ."

"ಮದಿವಿ ಮಾಡಾಕ ಬಂದಿಲ್ಲ ನಾ. ಕೆಲಸದಾಗ ತಿಳೀಲಿಲ್ಲಂದ್ರ ಯಾರನ್ನ ಕೇಳ್ತಿ?"

"ಯಾರೂ ಇಲ್ರಿ," ಎಂದೆ. ಅಷ್ಟು ದಿನ ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

"ಎರಡನೇ ಶನಿವಾರ ನಮ್ಮನಿಗೆ ಬಾ. ತಾಲೀಮು ಇರ್ತೈತಿ. ಬರಿ ಹೊಟ್ಟಿಲೆ ಬಾ," ಎಂದು ಎದ್ದು ಹೊರಟೇಬಿಟ್ಟರು.

ತಾಲೀಮು ಎಂದರೆ ನಮ್ಮ ಕಡೆ ಹಳ್ಳಿಯ ನಾಟಕದ ಅಭ್ಯಾಸ. ಅಕ್ಕೋರ ತಾಲೀಮಿನಲ್ಲಿ ಅಭ್ಯಾಸ ಮಾಡುತ್ತಿದ್ದವರು ಕಲಿಸುವವರೇ. ಒಂದು ತಿಂಗಳು ಕೊಪ್ಪಳ, ಮುಂದಿನ ತಿಂಗಳು ಗಂಗಾವತಿ, ಆಮೇಲೆ ಕುಷ್ಟಗಿ, ಯಲಬುರ್ಗಾ, ಹೀಗೆ ಪಾಳಿಯ ಮೇಲೆ ನಡೆಯುತ್ತಿತ್ತು. ಯಾರ ಊರೋ ಅವರ ಮನೆಯಲ್ಲಿ ಊಟ. ಹಳ್ಳಿಗಳಲ್ಲಿ ನಾಟಕ ಕಲಿಸುವ ನವಲಿಯ ಮಾಸ್ತರು ಬರುತ್ತಿದ್ದರು. ಗಂಗಾವತಿಯ ಮದರಸಾದಲ್ಲಿ ಮಕ್ಕಳಿಗೆ ಕುರಾನ್ ಪಠಣ ಕಲಿಸುವ ಹಜರತ್ ಬರುತ್ತಿದ್ದರು. ಭಾಷಣ ಕಲಿಸುವವರು, ಹಾಡು ಕಲಿಸುವವರು, ಶಾಲೆಯ ಅಕ್ಕೋರುಗಳು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಮೊದಲ ದಿನ ಇವರನ್ನೆಲ್ಲ ನೋಡಿ, ಇವರಿಗೂ ನನಗೂ ಎತ್ತಣಿಂದೆತ್ತ ಸಂಬಂಧ ಎಂದುಕೊಂಡಿದ್ದೆ. ಊಟ ಮುಗಿಯುವಷ್ಟರಲ್ಲಿ ಹಜರತ್ ಒಂದೊಂದು ಅಕ್ಷರ ಗಂಟಲಿನ ಯಾವ ಜಾಗದಿಂದ ಹೊರಡುತ್ತದೆ ಎಂದು ಬೆರಳಿಟ್ಟು ಹೇಳತೊಡಗಿದರು. ನಾನು ಮೈಸೂರಿನಲ್ಲಿ ಚಿತ್ರ ಬರೆದು ಕಲಿತ ಪಾಠ ಅದು. ಇಬ್ಬರೂ ರೊಟ್ಟಿಯ ಕೈಯಲ್ಲೇ ಸಂಜೆಯ ತನಕ ಮಾತಾಡಿದೆವು.

ಊಟವಾಗದೆ ತಾಲೀಮು ಶುರುವಾಗುತ್ತಿರಲಿಲ್ಲ. ಹಸಿದವರು ಹೇಳುವುದೆಲ್ಲ ಸಿಟ್ಟಿನ ಮಾತು ಎಂಬುದು ಅಕ್ಕೋರ ನಂಬಿಕೆ. ಊಟವಾದಮೇಲೆ ಪ್ರತಿಯೊಬ್ಬರೂ ಆ ತಿಂಗಳು ತಮ್ಮಿಂದ ಆಗದ ಕೆಲಸವೊಂದನ್ನು ಹೇಳಬೇಕು. "ಗೆದ್ದದ್ದನ್ನ ಮನ್ಯಾಗ ಹೇಳ್ಕೋರ್ರಿ. ಇಲ್ಲಿ ಸೋತದ್ದನ್ನ ಹೇಳ್ರಿ," ಎನ್ನುತ್ತಿದ್ದರು. ಯಾರಾದರೂ ತಮ್ಮ ವಿದ್ಯಾರ್ಥಿಗೆ ಬಹುಮಾನ ಬಂದ ಸುದ್ದಿ ತೆಗೆದರೆ, "ಹೌದಾ? ಪೇಢೆ ತಂದೀರೇನು? ಇಲ್ಲಾ? ಹಂಗಾರ ಕುಂದ್ರಿ," ಎಂದು ಅಲ್ಲೇ ಕೂರಿಸಿಬಿಡುತ್ತಿದ್ದರು.

ಒಮ್ಮೆ ಹುಣ್ಣಿಮೆಯ ದಿನ ನಮ್ಮನ್ನೆಲ್ಲ ಹುಲಿಗಿಯ ದೇವಿಯ ಗುಡಿಗೆ ಕರೆದುಕೊಂಡು ಹೋದರು. ದೇವಿಗೆ ಕೈಮುಗಿದದ್ದು ಆಮೇಲೆ. ಮೊದಲು ಹೊಳೆಯ ದಂಡೆಯಲ್ಲಿ ಕೂರಿಸಿ ಜನರ ದನಿ ಕೇಳಿಸಿದರು. ಬೆಳಗಿನಿಂದ ‘ಉಧೋ ಉಧೋ’ ಎಂದು ದೇವಿಯನ್ನು ಕರೆಯುತ್ತಿರುವ ಹೆಂಗಸರ ಗಂಟಲು ಯಾಕೆ ಒಡೆದಿಲ್ಲ, ಗಂಟೆಗಟ್ಟಲೆ ಮೈಕಿನಲ್ಲಿ ಕೂಗುತ್ತಿರುವವನ ಗಂಟಲು ಯಾಕೆ ಒಡೆದಿದೆ, ಹೇಳಿ ಎಂದರು. ನಾವು ಒಬ್ಬೊಬ್ಬರು ಒಂದೊಂದು ಪಾಂಡಿತ್ಯ ತೆಗೆದೆವು. ಅಕ್ಕೋರು ನಕ್ಕು, "ಆಕಿ ಕರದು ಉಸುರು ಬಿಡ್ತಾಳ, ಇಂವ ಉಸುರು ಹಿಡಕೊಂಡು ಕರೀತಾನ," ಎಂದರು. ಅವರ ಶಾಸ್ತ್ರವೆಲ್ಲ ಕಡೆಗೆ ಬಂದು ನಿಲ್ಲುತ್ತಿದ್ದುದು ಉಸಿರಿನಲ್ಲೇ. ಅದಕ್ಕೆ ಕಾರಣವೂ ಇತ್ತು. ಕೆಲಸದಲ್ಲಿದ್ದಾಗ ಅವರದೇ ದನಿ ಒಮ್ಮೆ ಪೂರ್ತಿ ಕೈಕೊಟ್ಟು, ಬೆಂಗಳೂರಿನ ಒಂದು ಕಮ್ಮಟಕ್ಕೆ ಹೋಗಿ, ಓದಿ, ಕೇಳಿ, ತಾವೇ ರಿಪೇರಿ ಮಾಡಿಕೊಂಡಿದ್ದರು. "ಆವಾಗ ಈ ಕಡೆ ಕೇಳಾಕ ಒಬ್ಬರಿದ್ದಿಲ್ಲವಾ. ಒಬ್ಬಾಕಿನ ಕುಂತು ಅತ್ತೆ. ಮತ್ಯಾರೂ ಒಬ್ಬೊಬ್ಬರ ಅಳಬಾರದು," ಎಂದಿದ್ದರು.

ನವಲಿಯ ಮಾಸ್ತರ ಹಲ್ಲಿನ ಕಥೆಯನ್ನು ಹೇಳದಿದ್ದರೆ ಅಕ್ಕೋರು ಏನೆಂಬುದು ತಿಳಿಯುವುದಿಲ್ಲ. ಮಾಸ್ತರು ಹಾರ್ಮೋನಿಯಂ ಬಾರಿಸುತ್ತ, ಪ್ರತಿ ಮಾತನ್ನೂ ತಾವೇ ಆಡಿ ತೋರಿಸಿ, ಪಾತ್ರದವರಿಂದ ಹಾಗೇ ಹೇಳಿಸುವವರು. ಹಳೆಯ ಕಾಲದಿಂದ ಬಂದ ಪದ್ಧತಿ. ಒಂದು ವರ್ಷ ಅವರ ಮುಂದಿನ ಹಲ್ಲೊಂದು ಬಿತ್ತು. ಭತ್ತದ ಕೊಯ್ಲು ಮುಗಿದಮೇಲೆ ನಾಟಕ ಹಚ್ಚಿದ್ದರು, ಕಡೆಯ ತಾಲೀಮು ನೋಡಲು ನಮ್ಮನ್ನು ಕರೆದರು. ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಕೂತೆವು. ನಾಯಕ ಬಂದು ಎದೆ ಸೆಟೆಸಿ, "ಸಾಹುಕಾರಾ, ನಿನ್ನ ಸೊಕ್ಕು ನಾ ಸಹಿಸಾಂಗಿಲ್ಲ!" ಎಂದ. ‘ಸ’ ಬಂದಲ್ಲೆಲ್ಲ ಸುಂಯ್ ಎಂದು ಸೀಟಿ. ಸಾಹುಕಾರ ಉತ್ತರ ಕೊಟ್ಟ, ಅವನದೂ ಸೀಟಿ. ಹಾಸ್ಯದವನದು ಸೀಟಿ, ಪೊಲೀಸನದು ಸೀಟಿ. ಹೊರಗಿನಿಂದ ಕರೆಸಿದ ನಾಯಕಿಯೊಬ್ಬಳನ್ನು ಬಿಟ್ಟು ಇಡೀ ಊರಿಗೆ ಊರೇ ಮಾಸ್ತರ ಬಿದ್ದ ಹಲ್ಲಿನಿಂದ ಮಾತಾಡುತ್ತಿತ್ತು! ಹಜರತ್ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ನಾನು ಎದ್ದು ನಲ್ಲಿಯ ಹತ್ತಿರ ಓಡಿದೆ. ಅಕ್ಕೋರು ಕಣ್ಣು ಮುಚ್ಚಿಯೇ ಕೂತಿದ್ದರು, ಆದರೆ ಹೆಗಲು ಕುಣಿಯುತ್ತಿದ್ದವು.

ನಗು ಮುಗಿದಮೇಲೆ ಅಕ್ಕೋರು ಮಾಸ್ತರನ್ನು ಬದಿಗೆ ಕರೆದು ಹೇಳಿದರು. ಮಾಸ್ತರು ಕೆಂಪಗಾದರು. ಮುಂದಿನ ತಾಲೀಮಿಗೆ ಹಲ್ಲು ಕಟ್ಟಿಸಿಕೊಂಡೇ ಬಂದು, "ಈಗ ಆತಲ್ರಿ?" ಎಂದರು.

"ಹಲ್ಲು ಛಲೋ ಐತ್ರಿ ಮಾಸ್ತರ. ಆದ್ರ ನಾಳೆ ನಿಮಗ ಕೆಮ್ಮು ಬಂತಂದ್ರ ನವಲಿಯಾಗ ಎಲ್ಲಾರೂ ಕೆಮ್ಮತಾರ. ಆಡಿ ತೋರಸೋದು ಬಿಡ್ರಿ. ನಿಮ್ಮ ದನಿ ಅವರಿಗೆ ಹಚ್ಚಬ್ಯಾಡ್ರಿ. ಅವರ ದನಿ ಅವರ ಹತ್ರನ ಐತಿ, ಅದಕ್ಕ ದಾರಿ ಬಿಡ್ರಿ."

"ಆಡಿ ತೋರಸದ ಹೆಂಗ ಕಲಸೋದ್ರಿ? ನಮ್ಮಪ್ಪ ಹಂಗ ಕಲಿಸ್ಯಾನ, ಅವರಪ್ಪ ಹಂಗ ಕಲಿಸ್ಯಾನ."

"ಹೋಗಿ ನೋಡ್ರಿ. ಆಗಲಿಲ್ಲಂದ್ರ ಬಂದು ನನ್ನ ಬೈರಿ."

ಮಾಸ್ತರು ಸಿಟ್ಟಿನಿಂದಲೇ ಹೋದರು. ಎರಡು ತಾಲೀಮಿಗೆ ಬರಲಿಲ್ಲ. ಮೂರನೆಯದಕ್ಕೆ ಬಂದು ಊಟಕ್ಕೂ ಕಾಯದೆ ಹೇಳಿದರು. ನಾಯಕನ ಪಾತ್ರದವನು ಟ್ರ್ಯಾಕ್ಟರ್ ಓಡಿಸುವವನು, ವೇದಿಕೆ ಹತ್ತಿದರೆ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ. ಮಾಸ್ತರು ಹಾರ್ಮೋನಿಯಂ ಮುಚ್ಚಿ, ಕಾಲುವೆಯ ಆಚೆ ದಂಡೆಯಲ್ಲಿ ನಿನ್ನ ತಮ್ಮ ನಿಂತಿದ್ದಾನೆ, ನೀರು ಕಟ್ಟಬೇಕು, ಹೆಂಗ ಕರೀತಿ ಕರಿ ಎಂದರಂತೆ. ಅವನು ಕರೆದ. ಅದೇ ದನಿಯಲ್ಲಿ ಸಾಹುಕಾರನನ್ನು ಕರಿ ಎಂದರಂತೆ. "ಅಕ್ಕೋರ, ಮೈಯಾಗಿನ ಕೂದಲು ನಿಂತ್ವು ನೋಡ್ರಿ! ಇಷ್ಟು ವರ್ಷ ಆ ದನಿ ಎಲ್ಲಿ ಇಟ್ಟಿದ್ನೋ ಮಗಾ!" ಎಂದು ಮಾಸ್ತರು ಕಣ್ಣೊರೆಸಿಕೊಂಡರು. ಅಂದಿನಿಂದ ತಾಲೀಮಿನಲ್ಲಿ ಅದು ಎಲ್ಲರಿಗೂ ಕಟ್ಟಳೆಯಾಯಿತು. ಕಲಿಯುವವನ ಬಾಯಿಗೆ ನಮ್ಮ ಮಾತನ್ನು ತುರುಕಬಾರದು. ನಾನೂ ಆದಷ್ಟು ಹಾಗೇ ಕೆಲಸ ಮಾಡಿದೆ. ಹುಬ್ಬಳ್ಳಿಯ ಮಾತು ಮರೆತೇಹೋಯಿತು.

ಲಕ್ವ ಹೊಡೆದದ್ದು ಹೋದ ಬೇಸಿಗೆಯಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಲ್ಪ ಸ್ವಲ್ಪ ಆಡುತ್ತಿದ್ದವು. ತಿಳಿವಳಿಕೆ ಚೊಕ್ಕವಾಗಿತ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದ್ದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮಾತು ಹೋಯಿತೆಂದು ಅಕ್ಕೋರು ಅಳಲಿಲ್ಲ. ಎರಡನೇ ಶನಿವಾರ ಬಂದಾಗ ಮಾತ್ರ ಎಡಗೈಯಿಂದ ನನಗೆ ಹೋಗು ಹೋಗು ಎಂದು ಸನ್ನೆ ಮಾಡಿದರು. ತಾಲೀಮು ನಡೆಸಿ ಎಂದು. ನೀವೂ ಬರ್ರಿ, ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗತೇವಿ ಎಂದರೆ ಗೋಡೆಯ ಕಡೆ ಹೊರಳಿದರು. ಮೂಕಿಯಾಗಿ ಅಲ್ಲಿ ಹೋಗಿ ಕೂರಲು ಅವರು ತಯಾರಿರಲಿಲ್ಲ. ಅವರಿಲ್ಲದೆ ನಡೆಸಲು ನಾವು ತಯಾರಿರಲಿಲ್ಲ. ತಾಲೀಮು ನಿಂತಿತು. ಮಾತು ಬಂದರೆ ಅಕ್ಕೋರೂ ಉಳಿಯುತ್ತಾರೆ, ಅವರು ಕಟ್ಟಿದ್ದೂ ಉಳಿಯುತ್ತದೆ. ಇಲ್ಲದಿದ್ದರೆ ಎರಡೂ ಹೋಯಿತು ಎಂಬುದು ನನಗೆ ಗೊತ್ತಿತ್ತು.

ದಿನಾ ಸಂಜೆ ಆಸ್ಪತ್ರೆ ಮುಗಿಸಿ ಹೋಗುತ್ತಿದ್ದೆ. ನಮ್ಮ ಚಿಕಿತ್ಸೆಯಲ್ಲಿ ಮೊದಮೊದಲು ಹೇಳಿಕೊಟ್ಟದ್ದನ್ನು ತಿರುಗಿ ಹೇಳಿಸುವುದು ರೂಢಿ. ಲೋಟ ತೋರಿಸಿ, "ಏನ್ರಿ ಇದು? ಲೋಟ ಅನ್ರಿ," ಎಂದೆ. ಅಕ್ಕೋರು ಲೋಟ ನೋಡಿದರು, ನನ್ನನ್ನು ನೋಡಿದರು, ತುಟಿ ಬಿಗಿದುಕೊಂಡರು. ಬಾಳೆಹಣ್ಣು ತೋರಿಸಿದೆ, ಚಮಚ ತೋರಿಸಿದೆ. ಅದೇ ಬಿಗಿದ ತುಟಿ. ವಾರಗಟ್ಟಲೆ ಹೀಗೇ ನಡೆಯಿತು.

"ಅತ್ತಿಯವ್ರು ಹಂಗ ನೋಡ್ರಿ. ಯಾರ ಹೇಳಿದ್ದೂ ತಿರುಗಿ ಹೇಳಿದವರಲ್ಲ," ಎಂದು ಸೊಸೆ ಚಹಾ ಇಟ್ಟು ಹೋದಳು.

ನನಗೆ ತಲೆಗೇರಿತು. ಸಿಟ್ಟು ನನಗೆ ಲಗೂನೆ ಬರುತ್ತದೆ, ಅಡಗಿಸಿಕೊಳ್ಳುವ ಅಭ್ಯಾಸವೂ ಇಲ್ಲ. "ಅಕ್ಕೋರ, ಆಡಿ ತೋರಸಬಾರದು ಅನ್ನೋದು ನಾಟಕಕ್ಕ, ಸಾಲಿಗೆ. ಇದು ಜಡ್ಡು. ಹಟ ಬಿಡ್ರಿ. ಒಮ್ಮಿ ಲೋಟ ಅನ್ರಿ ಸಾಕು!" ಎಂದು ಕೂಗಾಡಿದೆ. ಅವರು ಎಡಗೈಯಿಂದ ನನ್ನ ಕೆನ್ನೆ ಸವರಿದರು, ಅಷ್ಟೇ. ಮನೆಗೆ ಹೋಗುವ ಆಟೋದಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಆಟೋದವನು ಬಾಡಿಗೆ ಬೇಡ ಅಕ್ಕ ಎಂದ, ಪಾಪ.

ಒಂದು ಭಾನುವಾರ ನವಲಿಯ ಮಾಸ್ತರು ನೋಡಲು ಬಂದರು. ಮಂಚದ ಪಕ್ಕ ಕೂತವರಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಹೆದರಿದ ಮನುಷ್ಯ ತನಗೆ ಬರುವ ವಿದ್ಯೆಯನ್ನೇ ಮಾಡುತ್ತಾನೆ. ಹೊಸ ನಾಟಕದ ಮಾತೊಂದನ್ನು ಗಟ್ಟಿಯಾಗಿ ಹೇಳಲು ಶುರುಮಾಡಿದರು. ದುಃಖಕ್ಕೆ ಉಸಿರು ಸಾಲದೆ ವಾಕ್ಯದ ನಡುವೆ ಎಲ್ಲೆಂದರಲ್ಲಿ ಕಡಿಯುತ್ತಿತ್ತು. ಕೇಳುತ್ತ ಕೇಳುತ್ತ ಅಕ್ಕೋರ ಹುಬ್ಬು ಗಂಟಿಕ್ಕಿದವು. ಎಡಗೈ ಹಾಸಿಗೆಯ ಮೇಲೆ ತಟಪಟ ಬಡಿಯಿತು. ಆಮೇಲೆ ಚೊಕ್ಕವಾಗಿ, ತರಗತಿಯಲ್ಲಿ ಬೈಯುತ್ತಿದ್ದ ಅದೇ ದನಿಯಲ್ಲಿ, "ಉಸುರು!" ಎಂದರು.

ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

"ಅಕ್ಕೋರ, ನನ್ನ ಬೈದ್ರಲ್ರಿ?" ಎಂದು ಮಾಸ್ತರು ಮಂಚದ ಕಾಲು ಹಿಡಿದುಕೊಂಡು ಅಳತೊಡಗಿದರು. "ಬೈರಿ, ಇನ್ನೊಮ್ಮಿ ಬೈರಿ. ನಿಮ್ಮ ಬಾಯಾಗ ಬೈಸಿಕೊಂಡು ಭಾಳ ದಿನ ಆತು!"

ಬೇಕೆಂದಾಗ ಬಾರದ ಮಾತು ಹಳೆಯ ಅಭ್ಯಾಸದ ದಾರಿಯಲ್ಲಿ ತಾನಾಗಿ ಹೊರಬೀಳುವುದುಂಟು ಎಂದು ನಾನು ಓದಿದ್ದೆ. ಆದರೆ ಅಕ್ಕೋರ ವಿಷಯದಲ್ಲಿ ಆ ದಾರಿ ಯಾವುದೆಂದು ನನಗೆ ಹೊಳೆದಿರಲಿಲ್ಲ. ಜೀವಮಾನವಿಡೀ ಅವರು ಮಾಡಿದ್ದು ತಪ್ಪು ಕೇಳಿ ತಿದ್ದುವ ಕೆಲಸ. ಲೋಟಕ್ಕೆ ಲೋಟ ಎನ್ನಲು ಅವರಿಗೆ ಕಾರಣವೇ ಇರಲಿಲ್ಲ. ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರುವುದು ಅವರಿಂದಾಗದು. ಅಂದೇ ಎಲ್ಲರಿಗೂ ಫೋನ್ ಮಾಡಿದೆ. "ಬಂದು ತಪ್ಪು ಮಾತಾಡ್ರಿ," ಎಂದೆ.

ಆಹಾ, ಆ ದಿನಗಳನ್ನು ಏನು ಹೇಳಲಿ! ದನಿ ಕಲಿಸುವ ದೊಡ್ಡ ದೊಡ್ಡ ಮಂದಿಯೆಲ್ಲ ಪಾಳಿಯ ಮೇಲೆ ಬಂದು ಅಕ್ಕೋರ ಮುಂದೆ ಕೂತು ಕೆಟ್ಟದಾಗಿ ಮಾತಾಡಿದರು. ಒಬ್ಬರು ಮೂಗಿನಲ್ಲಿ, ಒಬ್ಬರು ಗಂಟಲು ಕಿವುಚಿ. ಹಜರತ್ ಮಾತ್ರ ಬಾಗಿಲಲ್ಲೇ ನನ್ನನ್ನು ತಡೆದು, "ಕುರಾನ್ ಪಾಕ್ ತಪ್ಪು ಓದಾಕ ನನ್ನ ಕಡೆ ಆಗಾಂಗಿಲ್ರಿ ಡಾಕ್ಟರವ್ವಾ. ಕನ್ನಡ ಪೇಪರ್ ಓದಲೇನು?" ಎಂದರು. ಹಾಗೇ ಮಾಡಿದರು. ಭತ್ತದ ದರದ ಸುದ್ದಿಯನ್ನು ಒಂದೂ ನಿಲುಗಡೆಯಿಲ್ಲದೆ ಒಂದೇ ಉಸಿರಿನಲ್ಲಿ ಓದಿದರು. "ನಿಲ್ಲು!" ಎಂದರು ಅಕ್ಕೋರು. ಇನ್ನೊಬ್ಬರಿಗೆ "ಸಾಕು," ಮತ್ತೊಬ್ಬರಿಗೆ "ತಪ್ಪು." ಒಂದೊಂದು ಮಾತು ಬಂದಾಗಲೂ ನಮಗೆ ಹಬ್ಬ.

ಆದರೆ ಸ್ವಲ್ಪ ದಿನಕ್ಕೇ ಅಕ್ಕೋರಿಗೆ ನಮ್ಮ ಆಟ ಗೊತ್ತಾಯಿತು. ಬೇಕಂತಲೇ ಮಾಡಿದ ತಪ್ಪು ಯಾವುದು, ನಿಜವಾದದ್ದು ಯಾವುದು ಎಂದು ಆ ಕಿವಿಗೆ ತಿಳಿಯದೆ ಇರುತ್ತದೆಯೇ? ನಾವು ಆಡಿದ ತಪ್ಪಿಗೆ ಕಣ್ಣು ಮುಚ್ಚಿ ಮುಗುಳ್ನಗುತ್ತ ಮಲಗುತ್ತಿದ್ದರು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮತ್ತೆ ಮಾತು ನಿಂತಿತು. ಬೇರೆ ದಾರಿ ಕಾಣದೆ ನಮ್ಮ ನಮ್ಮ ನಿಜವಾದ ಸೋಲನ್ನೇ ತಂದೆವು. ಹಜರತ್ ತಮ್ಮ ಒಬ್ಬ ವಿದ್ಯಾರ್ಥಿಯ ಧ್ವನಿಮುದ್ರಣ ಕೇಳಿಸಿ, ಇಲ್ಲಿ ಯಾಕೆ ಗಂಟಲು ಬಿಗಿಯುತ್ತದೆ ತಿಳಿಯುತ್ತಿಲ್ಲ ಎಂದರು. ನಾನು ಗಂಟಲಿನ ಬಿಗಿತ ಬಿಟ್ಟು ಮಾತಾಡಲಾರದ ಒಬ್ಬ ಮಾಸ್ತರರ ಕಷ್ಟ ಹೇಳಿದೆ. ಅಕ್ಕೋರು ಎದ್ದು ಕೂತರು. ಬಲಗಿವಿ ಮುಂದೆ ಬಂತು. "ಭುಜ," ಎಂದರು. "ಕೆಳಗ." ಹಜರತ್ ನನ್ನ ಮುಖ ನೋಡಿದರು. ನಿಜ, ಹುಡುಗ ಭುಜ ಎತ್ತಿ ಓದುತ್ತಿದ್ದ. ಮೊಬೈಲಿನ ದನಿಯಲ್ಲಿ ಅಕ್ಕೋರು ಅದನ್ನು ಕೇಳಿಸಿಕೊಂಡಿದ್ದರು. ಆಮೇಲೆ ಮಾಸ್ತರು ಒಂದು ಹೇಳಿದರು, ಅದಕ್ಕೆ ಹಜರತ್ ಇನ್ನೊಂದು ಸೇರಿಸಿದರು, ಸೊಸೆ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ ತಂದಿಟ್ಟಳು. ಉಣ್ಣುತ್ತ ಕೂತಾಗ ಮಾಸ್ತರು ತಟ್ಟನೆ, "ಅರೆ, ತಾಲೀಮು ನಡದೈತಲ್ರೀ ಇದು!" ಎಂದರು. ತಾಲೀಮಿಗೆಂದು ಯಾರೂ ಹೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ನಿಂತಿದ್ದ ತಾಲೀಮು ಅಕ್ಕೋರ ಮಂಚದ ಸುತ್ತ ಶುರುವಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹತ್ತಿರ ಸಣ್ಣ ಸಣ್ಣ ಮಾತುಗಳ ಒಂದು ಗಂಟು ಸೇರಿತ್ತು. ಬಾ, ಕುಂದ್ರು, ಊಟ, ಉಸುರು, ತಪ್ಪು, ಛಲೋ. ‘ಛಲೋ’ ಎಂಬುದನ್ನು ಮೊದಲಿನಂತೆಯೇ ಬಹಳ ಜಿಪುಣತನದಿಂದ ಖರ್ಚು ಮಾಡುತ್ತಿದ್ದರು. ಹೆಸರುಗಳು ಮಾತ್ರ ಬರಲಿಲ್ಲ. ಮಗನ ಹೆಸರೂ ಬರಲಿಲ್ಲ, ನನ್ನದೂ ಬರಲಿಲ್ಲ. ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದು ಹೇಳಲಾರೆ. ಅದಕ್ಕಾಗಿ ಏನೇನೋ ಮಾಡಿದೆ, ಆಗಲಿಲ್ಲ.

ದೀಪಾವಳಿ ಕಳೆದಮೇಲೆ ಯಲಬುರ್ಗಾದಿಂದ ಒಬ್ಬ ಹುಡುಗಿ ನನಗೆ ಫೋನ್ ಮಾಡಿದಳು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. "ನನ್ನ ಕಡೆ ಆಗಾಂಗಿಲ್ರಿ ಮೇಡಂ. ಸರಿ ಮಾಡಾಕತ್ತೇನೋ ತಪ್ಪು ಮಾಡಾಕತ್ತೇನೋ ಹೇಳೋರು ಯಾರೂ ಇಲ್ಲ. ಬಿಟ್ಟು ಹೊಂಟೀನ್ರಿ," ಎಂದಳು. ಬಿಡುವುದಾದರೆ ಬಿಡು, ಮೊದಲು ಶನಿವಾರ ಕೊಪ್ಪಳಕ್ಕೆ ಬಂದು ಉಂಡು ಹೋಗು ಎಂದೆ.

ಅವಳು ಬಂದಳು. ಎಲ್ಲರೂ ಇದ್ದರು. ಅಕ್ಕೋರು ನೆಲದ ಮೇಲೆ, ಗೋಡೆಗೆ ದಿಂಬಿಟ್ಟು ಒರಗಿ ಕೂತಿದ್ದರು. "ಬಾ. ಕುಂದ್ರು. ಊಟ," ಎಂದರು. ಹುಡುಗಿ ಉಂಡಳು. ಆಮೇಲೆ ತಡವರಿಸುತ್ತ ತನ್ನ ಕಷ್ಟವನ್ನೆಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಅತ್ತಳು. ಅಕ್ಕೋರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕಣ್ಣು ತೆರೆದು, ಎಡಗೈಯಿಂದ ಅವಳ ಗದ್ದ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದರು.

"ಈಕಿ," ಎಂದರು. ಸ್ವಲ್ಪ ತಡೆದು, ಬಹಳ ಕಷ್ಟಪಟ್ಟು, "ಅಕ್ಕೋರು," ಎಂದರು.

ನನಗೆ ನಾಚಿಕೆಯಾಯಿತು. ಈ ಕಾಯಿಲೆಯಲ್ಲಿ ಒಂದು ಹೆಸರಿನ ಬದಲು ಇನ್ನೊಂದು ಬರುವುದು ದಿನಾ ಕಾಣುವ ಸಂಗತಿ. ಕಸುಬಿನ ಚಟಕ್ಕೆ ಬಿದ್ದು ತಿದ್ದಲು ಹೋದೆ. "ಅಲ್ರಿ, ಅಕ್ಕೋರು ಅಂದ್ರ ನೀವು. ನಾನು ನಿಮ್ಮ ಹುಡುಗಿ."

ಅಕ್ಕೋರು ಹುಬ್ಬು ಗಂಟಿಕ್ಕಿದರು. ಎಡಗೈಯಿಂದ ನೆಲವನ್ನು ಫಟ್ಟನೆ ಬಡಿದರು. ನನ್ನ ಮುಖವನ್ನೇ ನೋಡುತ್ತ, ಕಣ್ಣು ಮುಚ್ಚದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ತಪ್ಪಲ್ಲ. ಈಕಿ. ಅಕ್ಕೋರು."

ಹುಡುಗಿ ಮೂಗು ಒರೆಸಿಕೊಂಡು ನನಗೆ ಕೈಮುಗಿದಳು. ಅಕ್ಕೋರು ದಿಂಬಿನ ಮೇಲೆ ಹಿಂದಕ್ಕೆ ಒರಗಿ, ಇನ್ನು ನಿಮ್ಮ ಕೆಲಸ ನೋಡಿಕೊಳ್ಳಿ ಎಂಬಂತೆ ಕೈಬೀಸಿದರು. ನಾನು ಆ ಹುಡುಗಿಯನ್ನು ಕೇಳಿದೆ, ಮಕ್ಕಳ ಜೊತೆ ಮೊದಲು ಏನು ಮಾಡುತ್ತಿ, ಹೇಳು ಎಂದು. ನನ್ನ ದನಿ ನಡುಗಿತು. ಅಕ್ಕೋರು ಅದನ್ನು ತಿದ್ದಲಿಲ್ಲ.

ಚಳಿ ಜೋರಾಗಿದ್ದ ಒಂದು ಮುಂಜಾನೆ ಚಹಾ ಕುಡಿದು, ಸೊಸೆಗೆ "ಬಿಸಿಲು," ಎಂದು ಹೇಳಿ ಕಿಟಕಿ ತೆಗೆಸಿ, ಅಕ್ಕೋರು ಹೋಗಿಬಿಟ್ಟರು. ನಾಲ್ಕೂ ಊರಿನ ಜನ ಬಂದಿದ್ದರು. ಆ ಕಂಡಕ್ಟರನೂ ರಜೆ ಹಾಕಿ ಬಂದಿದ್ದ. ಮಣ್ಣು ಕೊಡುವಾಗ ನಾಲ್ಕು ಮಾತಾಡಿ ಎಂದು ಯಾರೋ ಹಿರಿಯರು ನಮ್ಮನ್ನು ಕೇಳಿದರು. ಮಾತು ಕಲಿಸುವ ಇಷ್ಟು ಮಂದಿಯಿದ್ದೆವು, ಒಬ್ಬರ ಗಂಟಲಿನಿಂದಲೂ ದನಿ ಹೊರಡಲಿಲ್ಲ. ಅವರಿಗೆ ನಾನು ಕೊಟ್ಟದ್ದು ಸೆರಗಿನಲ್ಲಿ ಕಟ್ಟಿಕೊಳ್ಳುವಷ್ಟು ಮಾತು. ಅವರಿಂದ ಪಡೆದದ್ದು ಒಂದು ಜೀವಮಾನ ಉಂಡರೂ ತೀರದು. ಅದನ್ನು ಅಲ್ಲಿ ಹೇಳಬೇಕಿತ್ತು, ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಮುಂದಿನ ತಿಂಗಳು, ಎರಡನೇ ಶನಿವಾರಕ್ಕೆ ಇನ್ನೂ ವಾರವಿರುವಾಗ, ಆಸ್ಪತ್ರೆಯಲ್ಲಿದ್ದೆ. ನವಲಿಯ ಮಾಸ್ತರ ಫೋನ್ ಬಂತು. ಅಷ್ಟು ವರ್ಷ ನನ್ನನ್ನು ಡಾಕ್ಟರವ್ವ ಎಂದೇ ಕರೆದ ಮನುಷ್ಯ, ಅವತ್ತು "ಅಕ್ಕೋರ, ಈ ಸಲ ತಾಲೀಮು ಎಲ್ರಿ?" ಎಂದರು.

ಯಾರನ್ನು ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

"ಯಲಬುರ್ಗಾದಾಗ್ರಿ ಮಾಸ್ತರ, ಆ ಹುಡುಗಿ ಮನಿಯಾಗ," ಎಂದೆ. "ಬರಿ ಹೊಟ್ಟಿಲೆ ಬರ್ರಿ."